ಬಸ್ ನಿಲ್ದಾಣ ಕಟ್ಟಲು ಸಲಹೆಗಾರ ಸಂಸ್ಥೆ ಇದೆ, ಕಾಂಕ್ರೀಟ್ ಹಾಕುವಾಗ ಯಾರೂ ಇಲ್ಲ: ಇದು ಹೇಗೆ?

ಎರೆಭೂಮಿ (ಕಲಬುರಗಿ ಜಿಲ್ಲೆ)

ನಮ್ಮ ತಾಲ್ಲೂಕು ಕೇಂದ್ರದಲ್ಲಿ ಹೊಸ ಬಸ್ ನಿಲ್ದಾಣದ ಕಾಮಗಾರಿ ನಡೆದಿದೆ. ಊರು ಯಾವುದು, ಕಚೇರಿ ಯಾವುದು ಎಂದು ಬರೆಯುವುದಿಲ್ಲ. ಯಾರ ಮೇಲೂ ಆರೋಪ ಹೊರಿಸುವ ಉದ್ದೇಶವಿಲ್ಲ, ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಾಗಿದೆ. ನನ್ನ ಟೈರ್ ಅಂಗಡಿ ಆ ಜಾಗದ ಎದುರಿಗೇ ಇರುವುದರಿಂದ ಬೇಡವೆಂದರೂ ಎಲ್ಲವೂ ಕಣ್ಣಿಗೆ ಬೀಳುತ್ತದೆ.

ಫಲಕದಲ್ಲಿ ಗುತ್ತಿಗೆದಾರರ ಹೆಸರು, ಅಂದಾಜು ಮೊತ್ತ, ಮುಗಿಸಬೇಕಾದ ಅವಧಿ ಇವೆ. ಎಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ ‘ಯೋಜನಾ ನಿರ್ವಹಣಾ ಸಲಹೆಗಾರರು’ ಎಂದು ಒಂದು ಸಂಸ್ಥೆಯ ಹೆಸರಿದೆ, ವಿಳಾಸ ಹೊರರಾಜ್ಯದ್ದು. ಮೊನ್ನೆ ಕಾಲಂಗಳಿಗೆ ಕಾಂಕ್ರೀಟ್ ಹಾಕಿದ್ದು ರಾತ್ರಿ. ಹಗಲು ಬಿಸಿಲು ಹೆಚ್ಚು, ರಾತ್ರಿಯೇ ಒಳ್ಳೆಯದು ಎಂದು ಮೇಸ್ತ್ರಿ ಹೇಳಿದ. ಅದು ನನಗೂ ಸರಿ ಎನಿಸಿತು. ಆದರೆ ಮೇಸ್ತ್ರಿ ಮತ್ತು ಮಿಕ್ಸರ್ ನಡೆಸುವವರ ಹೊರತು ಅಲ್ಲಿ ಒಬ್ಬರೂ ಇರಲಿಲ್ಲ. ಸಲಹೆಗಾರರ ಕಡೆಯ ಇಂಜಿನಿಯರ್ ಎಲ್ಲಿ ಎಂದು ಕೇಳಿದೆ. “ನಾಳೆ ಬಂದು ಸಹಿ ಮಾಡುತ್ತಾರೆ ಬಿಡಿ ಅಣ್ಣಾ” ಎಂದ.

ಈ ಸಂಸ್ಥೆಯ ಕೆಲಸವೇನು? ಅದಕ್ಕೆ ಹಣ ಕೊಡುವವರು ಯಾರು? ನಮ್ಮಂಥವರು ಪ್ರಶ್ನೆ ಕೇಳಬೇಕಾದದ್ದು ಯಾರನ್ನು?

ಭೀಮಾತೀರ

ಸಹಿ ಮಾಡುವುದೇ ಕೆಲಸ. ಮುಂದಿನ ಪ್ರಶ್ನೆ?

ನಿವೃತ್ತ ಎಇಇ, ಬೀದರ್

ಭೀಮಾತೀರ ಅವರ ಮಾತಿಗೆ ನಗು ಬಂದರೂ ಅದು ಉತ್ತರವಲ್ಲ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಾನು ಸಹಾಯಕ ಕಾರ್ಯಪಾಲಕ ಇಂಜಿನಿಯರ್ (ಎಇಇ) ಆಗಿ ನಿವೃತ್ತನಾದವನು. ಸೇವೆಗೆ ಸೇರಿದ ಕಾಲದಲ್ಲಿ ನಕ್ಷೆ, ಅಂದಾಜು ಪಟ್ಟಿ, ಸ್ಥಳದ ಮೇಲ್ವಿಚಾರಣೆ, ಅಳತೆ ಪುಸ್ತಕ, ಬಿಲ್ ಎಲ್ಲವೂ ಇಲಾಖೆಯವರ ಕೈಯಲ್ಲೇ ಇದ್ದವು. ಆಮೇಲೆ ಕಾಮಗಾರಿಗಳು ದೊಡ್ಡವಾದವು, ಹುದ್ದೆಗಳು ಖಾಲಿ ಉಳಿದವು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದು, 2013ರಲ್ಲಿ ಪ್ರದೇಶಾಭಿವೃದ್ಧಿ ಮಂಡಳಿಯಾದ ಮೇಲೆ ಅನುದಾನ ಹೆಚ್ಚಿತು. ಆ ಹಣವನ್ನು ಸರಿಯಾಗಿ ಖರ್ಚು ಮಾಡಿಸುವ ಕೈಗಳು ಅದೇ ಪ್ರಮಾಣದಲ್ಲಿ ಹೆಚ್ಚಲಿಲ್ಲ. ಆ ತೆರಪಿಗೆ ಬಂದವರೇ ಸಲಹೆಗಾರರು. ಅವರಿಗೆ ಶುಲ್ಕ ಕೊಡುವುದು ಕಾಮಗಾರಿಯ ಮಾಲೀಕ ಸಂಸ್ಥೆ, ಅಂದರೆ ನಮ್ಮ ತೆರಿಗೆಯ ಹಣವೇ.

ಜನ ಇಲ್ಲಿ ಮೂರು ಬಗೆಯವರನ್ನು ಒಂದೇ ಎಂದು ತಿಳಿಯುತ್ತಾರೆ. ಟೆಂಡರಿಗೆ ಮುಂಚೆ ಮಣ್ಣು ಪರೀಕ್ಷಿಸಿ, ವಿನ್ಯಾಸ ಮಾಡಿ, ವಿಸ್ತೃತ ಯೋಜನಾ ವರದಿ ಕೊಡುವವರು ಒಬ್ಬರು. ಕೆಲಸ ನಡೆಯುವಾಗ ಮಾಲೀಕರ ಪರವಾಗಿ ದಿನನಿತ್ಯ ನೋಡಿಕೊಳ್ಳುವ ಯೋಜನಾ ನಿರ್ವಹಣಾ ಸಲಹೆಗಾರರು ಇನ್ನೊಬ್ಬರು. ಆಗಾಗ ಬಂದು ಮಾದರಿ ತೆಗೆದು ವರದಿ ಕೊಟ್ಟು ಹೋಗುವ ಮೂರನೆಯ ಪಕ್ಷದ ತಪಾಸಕರು ಬೇರೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಹೆಸರುಗಳು ಮತ್ತೆ ಬದಲಾಗುತ್ತವೆ: ವಿನ್ಯಾಸ, ಖರೀದಿ, ನಿರ್ಮಾಣ ಎಲ್ಲವನ್ನೂ ಒಬ್ಬ ಗುತ್ತಿಗೆದಾರನಿಗೇ ವಹಿಸಿದ ಕಡೆ ‘ಪ್ರಾಧಿಕಾರದ ಇಂಜಿನಿಯರ್’, ಖಾಸಗಿಯವರು ಕಟ್ಟಿ ಸುಂಕ ವಸೂಲು ಮಾಡುವ ಕಡೆ ‘ಸ್ವತಂತ್ರ ಇಂಜಿನಿಯರ್’. ಈ ಎರಡನೆಯವರ ಶುಲ್ಕದಲ್ಲಿ ಅರ್ಧವನ್ನು ರಸ್ತೆ ಕಟ್ಟುವ ಕಂಪನಿಯೇ ಭರಿಸುತ್ತದೆ. ಸ್ವತಂತ್ರ ಎಂಬ ಪದವಿಗೆ ಅದು ಎಷ್ಟು ಒಪ್ಪುತ್ತದೆ ಎಂದು ನೀವೇ ಯೋಚಿಸಿ.

ಈಗ ನಿಮ್ಮ ರಾತ್ರಿಯ ಕಾಂಕ್ರೀಟಿಗೆ ಬರುತ್ತೇನೆ. ಯಾವ ಕಾಮಗಾರಿಯಲ್ಲೂ ‘ಇಲ್ಲಿ ನಿಲ್ಲಿಸಿ, ತೋರಿಸಿ, ಮುಂದುವರಿಯಿರಿ’ ಎನ್ನುವ ಹಂತಗಳಿರುತ್ತವೆ. ಬುನಾದಿ ಅಗೆದಾಗ ತಳದ ಮಣ್ಣು ತೋರಿಸಬೇಕು. ಕಬ್ಬಿಣ ಕಟ್ಟಿ ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯುವ ಅಚ್ಚಿನ ಹಲಗೆ) ಮುಚ್ಚುವ ಮುನ್ನ ತೋರಿಸಬೇಕು. ಗುತ್ತಿಗೆದಾರ ಲಿಖಿತವಾಗಿ ತಪಾಸಣೆಯ ಕೋರಿಕೆ ಕೊಡುತ್ತಾನೆ, ಸಲಹೆಗಾರರ ಇಂಜಿನಿಯರ್ ನೋಡಿ ಸಹಿ ಮಾಡುತ್ತಾನೆ, ಆಮೇಲೆ ಕಾಂಕ್ರೀಟ್. ಮರುದಿನ ಸಹಿ ಮಾಡುವುದೆಂದರೆ ಮದುವೆ ಮುಗಿದ ಮೇಲೆ ಜಾತಕ ನೋಡಿದಂತೆ. ಒಳಗೆ ಎಷ್ಟು ಕಬ್ಬಿಣವಿದೆ, ಸರಳು ಅಚ್ಚಿಗೆ ತಾಗದಂತೆ ತಡೆಯುವ ಕವರ್ ಬ್ಲಾಕ್ ಇಟ್ಟಿದ್ದರೇ, ಸರಳುಗಳನ್ನು ಸುತ್ತಿ ಹಿಡಿಯುವ ರಿಂಗುಗಳ ಅಂತರ ಸರಿಯಿತ್ತೇ ಎಂಬುದು ಯಾವ ಕಣ್ಣಿಗೂ ಕಾಣುವುದಿಲ್ಲ.

ಸಲಹೆಗಾರರು ಇದ್ದಾರೆಂದು ಇಲಾಖೆಯ ಕಾರ್ಯಪಾಲಕ ಇಂಜಿನಿಯರ್ ಹೊಣೆ ಕಳೆದುಕೊಳ್ಳುವುದಿಲ್ಲ. ಒಪ್ಪಂದ ಇರುವುದು ಮಾಲೀಕರಿಗೂ ಗುತ್ತಿಗೆದಾರರಿಗೂ. ಆದ್ದರಿಂದ ನಿಮ್ಮ ಪ್ರಶ್ನೆಯೂ ಇಲಾಖೆಗೇ ಹೋಗಬೇಕು, ಸಂಸ್ಥೆಗಲ್ಲ.

ಕಡೇಚೂರು ಸಿವಿಲ್

ನಾನು ಇಂಥದ್ದೇ ಒಂದು ಸಲಹಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಯಾವುದೆಂದು ಕೇಳಬೇಡಿ, ಕೆಲಸ ಬೇಕಾಗಿದೆ.

ಎಇಇ ಸಾಹೇಬರು ಹೇಳಿದ ಕ್ರಮವೆಲ್ಲ ಪುಸ್ತಕದಲ್ಲಿ ಹಾಗೆಯೇ ಇದೆ. ಸ್ಥಳದಲ್ಲಿ ನಡೆಯುವುದನ್ನು ಹೇಳುತ್ತೇನೆ. ಟೆಂಡರಿಗೆ ಅರ್ಜಿ ಹಾಕುವಾಗ ತಂಡದ ಮುಖ್ಯಸ್ಥರು, ಸಾಮಗ್ರಿ ತಜ್ಞರು, ರಚನಾ ಇಂಜಿನಿಯರ್ ಎಂದು ಹಿರಿಯರ ಸ್ವವಿವರಗಳನ್ನು ಸಲ್ಲಿಸುತ್ತಾರೆ. ಅಂಕ ಬೀಳುವುದು ಆ ಅನುಭವಕ್ಕೆ. ಕೆಲಸ ಸಿಕ್ಕಿದ ಮೇಲೆ ‘ಅನಾರೋಗ್ಯ’, ‘ರಾಜೀನಾಮೆ’ ಎಂದು ಪತ್ರಗಳು ಹೋಗುತ್ತವೆ, ಬದಲಿ ಹೆಸರುಗಳು ಬರುತ್ತವೆ. ಕೊನೆಗೆ ಸ್ಥಳದಲ್ಲಿ ಉಳಿಯುವವರು ನನ್ನಂಥ ಹೊಸಬರು. ನನ್ನ ಪಾಲಿಗೆ ಒಂದು ಬಸ್ ನಿಲ್ದಾಣ, ಒಂದು ಡಿಪೊದ ಆವರಣ ಮತ್ತು ಒಂದು ಕೂಡುರಸ್ತೆ ಇವೆ. ಮೂರೂ ಮೂರು ದಿಕ್ಕಿಗೆ. ಒಂದೇ ರಾತ್ರಿ ಎರಡು ಕಡೆ ಕಾಂಕ್ರೀಟ್ ಇದ್ದರೆ ಒಂದನ್ನು ಆರಿಸಿಕೊಳ್ಳಬೇಕು.

ಇನ್ನೊಂದು ಮಾತನ್ನು ಹೊರಗಿನವರು ಕೇಳಿಯೇ ಇರುವುದಿಲ್ಲ. ನಾನು ಓಡಾಡುವ ಜೀಪು ಗುತ್ತಿಗೆದಾರರದ್ದು. ಕುಳಿತುಕೊಳ್ಳುವ ಕೊಠಡಿ, ಮೇಜು, ಪ್ರಿಂಟರ್, ಕಾಂಕ್ರೀಟಿನ ಬಲ ಪರೀಕ್ಷಿಸಲು ಕ್ಯೂಬ್ (ಚೌಕ ಮಾದರಿ) ಒಡೆಯುವ ಯಂತ್ರ ಇರುವ ಪ್ರಯೋಗಾಲಯ ಕೂಡ ಅವರದ್ದೇ. ಇದು ಗುಟ್ಟಾಗಿ ನಡೆಯುವ ವ್ಯವಹಾರವಲ್ಲ. ಎಷ್ಟೋ ಟೆಂಡರುಗಳಲ್ಲಿ ‘ಇಂಜಿನಿಯರ್‌ಗೆ ವಾಹನ, ಕಚೇರಿ ಒದಗಿಸುವುದು’ ಎಂದು ದರಪಟ್ಟಿಯಲ್ಲೇ ಒಂದು ಬಾಬ್ತು ಇರುತ್ತದೆ, ಅದಕ್ಕೆ ಬಿಲ್ಲೂ ಆಗುತ್ತದೆ. ಕಾಗದದ ಮೇಲೆ ಮಾಲೀಕರೇ ಕೊಟ್ಟ ಹಾಗಾಯಿತು. ಆದರೆ ಇಂದು ಸೆಂಟ್ರಿಂಗ್ ಬಿಚ್ಚಿಸಿದರೆ ನಾಳೆ ಬೆಳಿಗ್ಗೆ ಜೀಪಿಗೆ ಡೀಸೆಲ್ ಇರುವುದಿಲ್ಲ. ಚಾಲಕ ಊರಿಗೆ ಹೋಗಿದ್ದಾನೆ ಎನ್ನುತ್ತಾರೆ. ಯಾರೂ ಬೈಯುವುದಿಲ್ಲ, ಹೆದರಿಸುವುದಿಲ್ಲ. ಊರ ಹೊರಗೆ ನಿಂತು ಟಂಟಂ ಆಟೊಗೆ ಕೈ ಮಾಡುತ್ತಿದ್ದರೆ ನಮಗೆ ತಾನಾಗಿಯೇ ಅರ್ಥವಾಗುತ್ತದೆ.

ಇಷ್ಟರ ನಡುವೆಯೂ ಕಬ್ಬಿಣ ಬಿಚ್ಚಿಸಿದವರು ನಮ್ಮಲ್ಲಿ ಇದ್ದಾರೆ. ಅದನ್ನೂ ಬರೆದುಕೊಳ್ಳಿ.

ಭೀಮಾತೀರ

ಸಿವಿಲ್ ತಮ್ಮಾ, ಸಂಬಳವಾದರೂ ಸಮಯಕ್ಕೆ ಬರುತ್ತದೆಯೇ?

ಕಡೇಚೂರು ಸಿವಿಲ್

ಸಂಸ್ಥೆಯ ಬಿಲ್ ಪಾಸಾದಾಗ. ಕಾಮಗಾರಿಯ ಪ್ರಗತಿಗೆ ತಕ್ಕಂತೆ ಶುಲ್ಕ ಎಂದು ಒಪ್ಪಂದವಿದ್ದರೆ ಗುತ್ತಿಗೆದಾರರ ಬಿಲ್ ನಿಂತಾಗ ನಮ್ಮದೂ ನಿಲ್ಲುತ್ತದೆ. ಕೆಲಸ ನಿಲ್ಲಿಸಿ ಎಂದು ಹೇಳಬೇಕಾದವನ ಸಂಬಳ ಕೆಲಸ ಸಾಗುವುದರ ಮೇಲೆ ನಿಂತಿದೆ. ಆಳು-ತಿಂಗಳ ಲೆಕ್ಕದಲ್ಲಿ, ಹಾಜರಾತಿ ನೋಡಿ ಶುಲ್ಕ ಕೊಡುವ ಕಡೆ ಸ್ವಲ್ಪ ವಾಸಿ.

ಹುಮನಾಬಾದ್ ಗುತ್ತಿಗೆ

ಎಲ್ಲರೂ ಸೇರಿ ಗುತ್ತಿಗೆದಾರನನ್ನು ಕಟಕಟೆಯಲ್ಲಿ ನಿಲ್ಲಿಸುವ ಮೊದಲು ನನ್ನದೂ ಸ್ವಲ್ಪ ಕೇಳಿ. ನಾನು ಸಣ್ಣ ಗುತ್ತಿಗೆದಾರ. ಸಲಹೆಗಾರರು ತಪಾಸಣೆ ಮಾಡುವುದಿಲ್ಲ ಎಂಬುದು ಅರ್ಧ ಸತ್ಯ. ಅವರಿಂದ ಆಗುವ ದೊಡ್ಡ ತೊಂದರೆ ಎಂದರೆ ಉತ್ತರ ಕೊಡದಿರುವುದು.

ಒಂದು ಕೆಲಸದಲ್ಲಿ ವರದಿಯ ಪ್ರಕಾರ ಒಂದೂವರೆ ಮೀಟರ್ ಕೆಳಗೆ ಗಟ್ಟಿ ಗರಸು ಸಿಗಬೇಕಿತ್ತು. ಅಗೆದರೆ ಮೂರು ಮೀಟರಿಗೂ ಎರೆಮಣ್ಣೇ. ವರದಿ ತೆಗೆದು ನೋಡಿದರೆ ಅದರಲ್ಲಿ ‘ಕೆಂಪು ಜಂಬಿಟ್ಟಿಗೆ ಮಣ್ಣು’ ಎಂದು ಬರೆದಿತ್ತು. ಅದು ಬೀದರ್ ಕಡೆಯ ಮಣ್ಣು, ನಮ್ಮ ಸ್ಥಳ ಇದ್ದದ್ದು ಕಲಬುರಗಿಯ ದಕ್ಷಿಣಕ್ಕೆ, ತೊಗರಿ ಹೊಲಗಳ ನಡುವೆ. ಯಾವುದೋ ಹಳೆಯ ವರದಿಯ ಹಾಳೆಗಳನ್ನು ತಂದು ಸೇರಿಸಿದ್ದರು. ಬುನಾದಿಯ ವಿನ್ಯಾಸ ಬದಲಿಸಬೇಕು ಎಂದು ಪತ್ರ ಬರೆದೆ. ವರದಿ ಮಾಡಿದವರನ್ನು ಕೇಳಬೇಕು ಎಂದು ನಿರ್ವಹಣಾ ಸಲಹೆಗಾರರು, ನಿರ್ವಹಣಾ ಸಲಹೆಗಾರರ ಶಿಫಾರಸು ಬರಲಿ ಎಂದು ಇಲಾಖೆ. ಅಗೆದ ಗುಂಡಿಯಲ್ಲಿ ಮಳೆನೀರು ನಿಂತಿತು, ಯಂತ್ರಗಳ ಬಾಡಿಗೆ ಓಡುತ್ತಲೇ ಇತ್ತು. ಹೆಚ್ಚುವರಿ ಮೊತ್ತದ ಪ್ರಸ್ತಾವಕ್ಕೆ ಒಪ್ಪಿಗೆ ಸಿಗುವಷ್ಟರಲ್ಲಿ ಅವಧಿ ಮುಗಿದಿತ್ತು. ವಿಳಂಬಕ್ಕೆ ದಂಡ ಹಾಕಬೇಕೆಂದು ಪತ್ರ ಬಂದದ್ದು ಮಾತ್ರ ಅತಿ ಶೀಘ್ರವಾಗಿ!

ಇಂಥ ಹೊತ್ತಿನಲ್ಲಿ ಉತ್ತರಕ್ಕೆ ಕಾದು ಕೂರದೆ ಹಾಗೆಯೇ ಕಾಂಕ್ರೀಟ್ ಸುರಿದು ಮುಗಿಸುವ ಗುತ್ತಿಗೆದಾರ ಲಾಭ ಮಾಡಿಕೊಳ್ಳುತ್ತಾನೆ. ಪತ್ರ ಬರೆದವನು ಸಾಲಗಾರನಾಗುತ್ತಾನೆ.

ನಿವೃತ್ತ ಎಇಇ, ಬೀದರ್

ಗುತ್ತಿಗೆ ಅವರು ಹೇಳಿದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೀದರ್, ಕಲಬುರಗಿ, ಯಾದಗಿರಿ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಮಣ್ಣೇ ಮೊದಲ ಪ್ರಶ್ನೆ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಇಳಿಯುವಷ್ಟು ಬಿರಿಯುತ್ತದೆ. ಅದರ ಮೇಲೆ ಆಳವಿಲ್ಲದ ಬುನಾದಿ ಇಟ್ಟರೆ ಕಟ್ಟಡ ವರ್ಷಕ್ಕೊಮ್ಮೆ ಏಳುತ್ತದೆ, ಇಳಿಯುತ್ತದೆ. ಗೋಡೆಯ ಮೂಲೆಯಿಂದ ಓರೆಯಾಗಿ ಸೀಳು ಬರುವುದು ಇದರಿಂದಲೇ.

ಮಣ್ಣು ಎಷ್ಟು ಉಬ್ಬುತ್ತದೆ ಎಂದು ಅಳೆಯುವ ಪರೀಕ್ಷೆ ಬಹಳ ಸರಳ. ಜರಡಿ ಹಿಡಿದ ಮಣ್ಣನ್ನು ಒಂದು ಅಳತೆ ಜಾಡಿಯಲ್ಲಿ ನೀರಿಗೆ, ಇನ್ನೊಂದರಲ್ಲಿ ಸೀಮೆಎಣ್ಣೆಗೆ ಹಾಕಿ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಆ ವ್ಯತ್ಯಾಸದ ಶೇಕಡಾವಾರು ಲೆಕ್ಕವೇ ಉಬ್ಬುವಿಕೆಯ ಸೂಚ್ಯಂಕ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿರ್ದಿಷ್ಟತೆಯಂತೆ ಅದು ಶೇ 50 ದಾಟಿದ ಜೇಡಿಯನ್ನು ರಸ್ತೆಯ ಏರಿಗೆ ತುಂಬುವಂತಿಲ್ಲ. ಬಸ್ ನಿಲ್ದಾಣದ ಆವರಣಕ್ಕೂ ಇದೇ ಎಚ್ಚರಿಕೆ ಬೇಕು, ಏಕೆಂದರೆ ಅಲ್ಲಿ ಕಟ್ಟಡಕ್ಕಿಂತ ದೊಡ್ಡ ಜಾಗ ನೆಲದ್ದೇ. ಮಣ್ಣು ತೆಗೆದು ಗರಸು ತುಂಬಿ ಪದರ ಪದರವಾಗಿ ರೋಲರ್ ಹೊಡೆಸಿ, ಪ್ರತಿ ಪದರದ ಸಾಂದ್ರತೆ ಅಳೆಯಬೇಕು. ರಸ್ತೆಗಾದರೆ ಜಲ್ಲಿಯ ಕೆಳಗಿರುವ ಮಣ್ಣಿನ ತಳಪದರಕ್ಕೆ ಪ್ರಯೋಗಾಲಯದ ಗರಿಷ್ಠ ಸಾಂದ್ರತೆಯ ಶೇ 97 ಬರಬೇಕೆಂದಿದೆ. ಆ ಅಳತೆಗೆ ಒಂದು ಸಣ್ಣ ಗುಂಡಿ, ಒಂದಿಷ್ಟು ಮರಳು, ಒಂದು ತಕ್ಕಡಿ ಸಾಕು. ಆದರೂ ಅತಿ ಹೆಚ್ಚು ತಪ್ಪಿಸಲ್ಪಡುವ ಪರೀಕ್ಷೆ ಇದೇ, ಏಕೆಂದರೆ ಮುಂದಿನ ಪದರ ಬಿದ್ದ ಮೇಲೆ ಯಾರಿಗೂ ಏನೂ ಕಾಣುವುದಿಲ್ಲ.

ವರದಿ ಮಾಡಿದ ಸಂಸ್ಥೆಗೇ ಮೇಲ್ವಿಚಾರಣೆಯನ್ನೂ ಕೊಡುವುದನ್ನು ನಾನು ಒಪ್ಪುವುದಿಲ್ಲ. ತನ್ನ ವರದಿಯಲ್ಲಿ ತಾನೇ ದೋಷ ಹುಡುಕುವ ಸಂಸ್ಥೆಯನ್ನು ನನ್ನ ಸೇವೆಯಲ್ಲಿ ಕಾಣಲಿಲ್ಲ.

ಸುರಪುರದವ, ಈಗ ಬೆಂಗಳೂರು

ದೊಡ್ಡ ನಗರಗಳಲ್ಲಿ ಎಲ್ಲವೂ ಸರಿಯಿದೆ ಎಂದು ಯಾರೂ ತಿಳಿಯಬೇಡಿ. 2023ರ ಜನವರಿ 10ರಂದು ಇಲ್ಲಿ ನಾಗವಾರದ ಬಳಿ ಮೆಟ್ರೊ ಕಂಬಕ್ಕಾಗಿ ನಿಲ್ಲಿಸಿದ್ದ ಕಬ್ಬಿಣದ ಚೌಕಟ್ಟು ಕಾಂಕ್ರೀಟ್ ಹಾಕುವ ಮೊದಲೇ ರಸ್ತೆಗೆ ಉರುಳಿ ತಾಯಿ ಮತ್ತು ಎಳೆಯ ಮಗು ಸತ್ತರು. ದೆಹಲಿಯಲ್ಲಿ 2009ರ ಜುಲೈ 12ರಂದು ಜಮ್ರುದ್‌ಪುರದಲ್ಲಿ ಮೆಟ್ರೊ ಸೇತುವೆ ಕುಸಿದು ಆರು ಜನ ಸತ್ತಾಗ ದೆಹಲಿ ಮೆಟ್ರೊ ಮುಖ್ಯಸ್ಥ ಇ. ಶ್ರೀಧರನ್ ನೈತಿಕ ಹೊಣೆ ಹೊತ್ತು ಅದೇ ದಿನ ರಾಜೀನಾಮೆ ಕೊಟ್ಟರು, ಅದು ಅಂಗೀಕಾರವಾಗಲಿಲ್ಲ. ಎರಡು ಕಡೆಯೂ ಕೆಲಸಕ್ಕೆಂದು ಇಂಜಿನಿಯರುಗಳಿದ್ದರು. ಸ್ಥಳದಲ್ಲಿ ಜನರಿದ್ದರೆ ಸಾಕು ಎಂಬ ವಾದಕ್ಕೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ವಿನ್ಯಾಸವನ್ನೇ ಮತ್ತೊಬ್ಬರು ಸ್ವತಂತ್ರವಾಗಿ ಲೆಕ್ಕ ಹಾಕಿ ನೋಡಬೇಕು, ಆಧಾರ ಕೊಡುವ ತಾತ್ಕಾಲಿಕ ಕಂಬ-ತಂತಿಗಳಿಗೂ ನಕ್ಷೆ ಇರಬೇಕು.

ನಿವೃತ್ತ ಎಇಇ, ಬೀದರ್

ಒಪ್ಪುತ್ತೇನೆ. ಸೆಂಟ್ರಿಂಗ್ ಕುಸಿದು ಆಗುವ ಸಾವುಗಳಿಗೂ ಇದೇ ಕಾರಣ. ತಾತ್ಕಾಲಿಕ ಎಂದ ಕೂಡಲೇ ಅದು ಮೇಸ್ತ್ರಿಯ ಪಾಲಿನ ಕೆಲಸವಾಗಿಬಿಡುತ್ತದೆ.

ಬೀದರ್ ಪ್ಯಾಸೆಂಜರ್

ನಾವು ರೈಲಿನವರು ಒಂದು ವಿಷಯದಲ್ಲಿ ಪುಣ್ಯವಂತರು. ಬೀದರ್–ಕಲಬುರಗಿ ಮಾರ್ಗ 1997-98ರಲ್ಲಿ ಮಂಜೂರಾಗಿ, ಸುಮಾರು 110 ಕಿ.ಮೀ. ಮುಗಿದು 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. ಎರಡು ದಶಕ ಕಾದೆವು, ಆ ಸಿಟ್ಟು ಇದ್ದೇ ಇದೆ. ಆದರೆ ಹೊಸ ಹಳಿಯ ಮೇಲೆ ಪ್ರಯಾಣಿಕರ ರೈಲು ಓಡಿಸುವ ಮೊದಲು ರೈಲ್ವೆ ಸುರಕ್ಷತಾ ಆಯುಕ್ತರು ಬಂದು ಪರೀಕ್ಷಿಸಿ ಒಪ್ಪಿಗೆ ಕೊಡಲೇಬೇಕು. ಆ ಆಯುಕ್ತರು ರೈಲ್ವೆ ಸಚಿವಾಲಯದ ಅಧೀನದವರಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿರುವವರು. ಕಟ್ಟಿದವರ ಹಂಗಿನಲ್ಲಿ ಇಲ್ಲದವರು ನೋಡುತ್ತಾರೆ. ಬಸ್ ನಿಲ್ದಾಣಕ್ಕೆ ಅಂಥವರು ಯಾರಿದ್ದಾರೆ? ರಿಬ್ಬನ್ ಕತ್ತರಿಸುವವರು ಬಂದರೆ ತೆರೆದಂತೆಯೇ.

ಹುಮನಾಬಾದ್ ಗುತ್ತಿಗೆ

ಆಯುಕ್ತರು ಬರುವುದು ಕೆಲಸ ಮುಗಿದ ಮೇಲೆ. ಮೋಟಾರ್ ಟ್ರಾಲಿಯಲ್ಲಿ ಹೋಗಿ ನೋಡುತ್ತಾರೆ, ವೇಗದ ಪರೀಕ್ಷೆ ಮಾಡುತ್ತಾರೆ. ಮೋರಿಯ ಕಾಂಕ್ರೀಟಿಗೆ ಎಷ್ಟು ಸಿಮೆಂಟ್ ಹೋಗಿದೆ ಎಂಬುದು ಅವರಿಗೂ ದಾಖಲೆಯಿಂದಲೇ ಗೊತ್ತಾಗಬೇಕು.

ಬೀದರ್ ಪ್ಯಾಸೆಂಜರ್

ನಿಜ, ಆದರೂ ದಾಖಲೆ ಕೇಳುವ ಒಬ್ಬ ಹೊರಗಿನವನಿದ್ದಾನೆ ಎಂಬ ಭಯವಾದರೂ ಇರುತ್ತದೆ. ಇನ್ನೊಂದು ಉದಾಹರಣೆ ಕೊಡುತ್ತೇನೆ. ದೌಂಡ್–ಕಲಬುರಗಿ ಜೋಡಿಮಾರ್ಗಕ್ಕೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲ ಬಂದಿತ್ತು. ಇಂಥ ಸಾಲದ ಯೋಜನೆಗಳ ಮೇಲ್ವಿಚಾರಣೆಯ ವರದಿಗಳನ್ನು ಬ್ಯಾಂಕು ತನ್ನ ಜಾಲತಾಣದಲ್ಲಿ ಹಾಕುತ್ತದೆ, ಯಾರು ಬೇಕಾದರೂ ಓದಬಹುದು. ಸಾಲ ಕೊಟ್ಟವರಿಗೆ ಅಷ್ಟು ಲೆಕ್ಕ ಸಿಗುತ್ತದೆ ಎಂದ ಮೇಲೆ ತೆರಿಗೆ ಕೊಟ್ಟ ನಮಗೆ ನಿಲ್ದಾಣದ ಸಲಹೆಗಾರರು ತಿಂಗಳಿಗೊಮ್ಮೆ ಬರೆಯುವ ವರದಿ ಏಕೆ ಸಿಗಬಾರದು?

ಎರೆಭೂಮಿ (ಕಲಬುರಗಿ ಜಿಲ್ಲೆ)

ಈ ಪ್ರಶ್ನೆಗಾಗಿಯೇ ನಾನು ಈ ಚರ್ಚೆ ಆರಂಭಿಸಿದೆ ಎನ್ನಬಹುದು. ಎಇಇ ಸಾಹೇಬರೇ, ಅಂಗಡಿಯಲ್ಲಿ ಕುಳಿತವನು ಬರಿಗಣ್ಣಿನಿಂದ ಏನನ್ನು ಗಮನಿಸಬಹುದು, ಅದನ್ನೂ ಹೇಳಿ.

ನಿವೃತ್ತ ಎಇಇ, ಬೀದರ್

ಕಾಂಕ್ರೀಟ್ ಹಾಕುವ ದಿನ ಪಕ್ಕದಲ್ಲಿ ಕಬ್ಬಿಣದ ಚೌಕ ಅಚ್ಚುಗಳಿವೆಯೇ ನೋಡಿ. 150 ಮಿ.ಮೀ. ಅಳತೆಯ ಆ ಅಚ್ಚುಗಳಲ್ಲಿ ತುಂಬುವುದೇ ಕ್ಯೂಬ್. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಒಂದರಿಂದ 5 ಘನ ಮೀಟರ್ ಕಾಂಕ್ರೀಟಿಗೆ ಒಂದು ಮಾದರಿ, 6ರಿಂದ 15ಕ್ಕೆ ಎರಡು, 16ರಿಂದ 30ಕ್ಕೆ ಮೂರು, 31ರಿಂದ 50ಕ್ಕೆ ನಾಲ್ಕು, ಆಮೇಲೆ ಪ್ರತಿ 50ಕ್ಕೆ ಇನ್ನೊಂದು. ಒಂದು ಮಾದರಿ ಎಂದರೆ ಮೂರು ಕ್ಯೂಬ್. ನಿಮ್ಮ ಕಾಲಂಗಳಿಗೆ 20 ಘನ ಮೀಟರ್ ಹೋಗಿದ್ದರೆ 28 ದಿನದ ಪರೀಕ್ಷೆಗೇ ಒಂಬತ್ತು ಕ್ಯೂಬ್ ಇರಬೇಕು, 7 ದಿನದ್ದು ಬೇರೆ. ಅಚ್ಚು ತುಂಬಬೇಕಾದದ್ದು ಕಾಲಂಗೆ ಹೋಗುತ್ತಿರುವ ಅದೇ ಮಿಶ್ರಣದಿಂದ. ಪ್ರತ್ಯೇಕವಾಗಿ ಸಿಮೆಂಟ್ ಹೆಚ್ಚು ಹಾಕಿ ಕಲಸಿ ತುಂಬುವ ಚಾಳಿ ಎಲ್ಲ ಕಡೆ ಇದೆ, ಅದಕ್ಕಾಗಿಯೇ ಸಲಹೆಗಾರರ ಮನುಷ್ಯ ಅಲ್ಲಿ ನಿಲ್ಲಬೇಕಾದದ್ದು. ಕ್ಯೂಬಿನ ಮೇಲೆ ದಿನಾಂಕ, ಕಾಲಂ ಸಂಖ್ಯೆ ಗೀಚಿ ಸಹಿ ಮಾಡಿದರೆ ಅದಲುಬದಲು ಕಷ್ಟ.

ನಮ್ಮ ಬಿಸಿಲಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ನೀರುಣಿಸುವುದು. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ ಎಂದಿದ್ದರೂ ಒಣ ಹವೆ, ಬಿಸಿಲು ಇರುವ ಕಡೆ 10 ದಿನಕ್ಕೆ ಕಡಿಮೆ ಆಗಬಾರದು. ಚೀಲದ ಮೇಲೆ ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟ್) ಎಂದಿದ್ದರೆ 14 ದಿನ ಒಳ್ಳೆಯದು. ಕಾಲಂಗೆ ಗೋಣಿತಟ್ಟು ಸುತ್ತಿದ್ದಾರೆಯೇ, ಅದು ಮಧ್ಯಾಹ್ನ ಎರಡು ಗಂಟೆಗೂ ಒದ್ದೆಯಿದೆಯೇ ನೋಡಿ. ಬೆಳಿಗ್ಗೆ ಒಮ್ಮೆ ಪೈಪು ಹಿಡಿದು ಹೋಗುವುದು ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಏನೇನೂ ಸಾಲದು. ವಾಡಿ, ಸೇಡಂನಂಥ ಸಿಮೆಂಟ್ ಊರುಗಳನ್ನು ಪಕ್ಕದಲ್ಲೇ ಇಟ್ಟುಕೊಂಡು ನಮ್ಮ ಕಾಂಕ್ರೀಟ್ ಸೋಲುವುದು ಸಿಮೆಂಟಿನ ಕೊರತೆಗಿಂತ ಟ್ಯಾಂಕರ್ ನೀರಿನ ಕೊರತೆಯಿಂದ. ರಾತ್ರಿ ಹಾಕಿದ್ದು ಸರಿಯಾದ ಕ್ರಮವೇ. 40 ಡಿಗ್ರಿ ದಾಟಿದ ಹವೆಯಲ್ಲಿ ಕಾಂಕ್ರೀಟ್ ಹಾಕುವುದಕ್ಕೆ ಪ್ರತ್ಯೇಕ ಮಾನದಂಡವೇ ಇದೆ.

ಯಾದಗಿರಿ ಶಿಕ್ಷಕಿ

ನೀವೆಲ್ಲ ಕಾಲಂ ಬಿಟ್ಟು ಮೇಲೇಳುತ್ತಿಲ್ಲ. ದಿನವೂ ಎರಡು ಬಸ್ ಬದಲಿಸಿ ಶಾಲೆಗೆ ಹೋಗುವವಳು ನಾನು, ಹೇಳುವುದನ್ನು ಸ್ವಲ್ಪ ಕೇಳಿ.

ಹೊಸದಾಗಿ ಕಟ್ಟಿದ ಒಂದು ನಿಲ್ದಾಣದಲ್ಲಿ ಗಾಲಿಕುರ್ಚಿಗೆಂದು ಇಳಿಜಾರು ಮಾಡಿದ್ದಾರೆ. ನೆಟ್ಟಗೆ ನಡೆದು ಹತ್ತುವವರೇ ಜಾರುತ್ತಾರೆ. ಮೇಲೆ ಹಾಸಿದ್ದು ನುಣ್ಣಗೆ ಪಾಲಿಶ್ ಮಾಡಿದ ಹಾಸುಗಲ್ಲು. ಪಾಲಿಶ್ ಇಲ್ಲದ ನಮ್ಮ ಶಹಾಬಾದ್ ಫರಸಿ ಹಾಕಿದ್ದರೂ ಕಾಲು ನಿಲ್ಲುತ್ತಿತ್ತು. ಸರ್ವರಿಗೂ ಸುಗಮ ಪ್ರವೇಶದ ಕುರಿತು ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿಯಲ್ಲಿ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು ಎಂದಿದೆ. ಅಂದರೆ 45 ಸೆಂ.ಮೀ. ಎತ್ತರಕ್ಕೆ 5.4 ಮೀಟರ್ ಉದ್ದ ಬೇಕು. ಅಲ್ಲಿ ಎರಡು ಹೆಜ್ಜೆಗೇ ಮುಗಿದಿದೆ. ಮಹಿಳೆಯರ ಶೌಚಾಲಯದ ಬಾಗಿಲು ಬಸ್ಸುಗಳು ನಿಲ್ಲುವ ಕಡೆಗೇ ನೇರವಾಗಿ ತೆರೆದುಕೊಳ್ಳುತ್ತದೆ. ಆವರಣದ ನೀರು ಹರಿದು ಬಂದು ನಿಲ್ಲುವುದು ಪ್ರಯಾಣಿಕರು ಇಳಿಯುವ ಜಾಗದಲ್ಲೇ.

ಇವನ್ನೆಲ್ಲ ನೋಡಲು ಪ್ರಯೋಗಾಲಯ ಬೇಡ. ನಕ್ಷೆ ಕೈಗೆ ಬಂದ ದಿನ ಸಲಹೆಗಾರರಲ್ಲಿ ಒಬ್ಬರಾದರೂ ‘ಸೀರೆ ಉಟ್ಟು, ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮಗು ಹಿಡಿದವಳು ಇಲ್ಲಿ ಹೇಗೆ ಇಳಿಯುತ್ತಾಳೆ’ ಎಂದು ಕೇಳಿಕೊಂಡಿದ್ದರೆ ಸಾಕಿತ್ತು. ಆ ತಂಡಗಳಲ್ಲಿ ಮಹಿಳೆಯರು ಇರುತ್ತಾರೆಯೇ, ಸಿವಿಲ್ ತಮ್ಮಾ?

ಕಡೇಚೂರು ಸಿವಿಲ್

ಕೇಂದ್ರ ಕಚೇರಿಯಲ್ಲಿ ಇದ್ದಾರೆ ಅಕ್ಕಾ. ಸ್ಥಳದಲ್ಲಿ ನಾನು ಕಂಡಿಲ್ಲ. ಸ್ಥಳದ ಕಚೇರಿಯಲ್ಲೇ ಶೌಚಾಲಯ ಇರುವುದಿಲ್ಲ.

ನೀರಿನ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಬಸ್ ತಿರುಗುವ ಜಾಗಕ್ಕೆ ಡಾಂಬರು ಹಾಕಿದ್ದರೆ ಆಗಲೇ ಆಕ್ಷೇಪಿಸಬೇಕು. ನಿಂತಲ್ಲೇ ಚಕ್ರ ತಿರುಗಿಸುವಾಗ ಮೇಲ್ಪದರ ಕಿತ್ತು ಬರುತ್ತದೆ, ತೊಟ್ಟಿಕ್ಕುವ ಡೀಸೆಲ್ಲಿಗೆ ಡಾಂಬರು ಕರಗುತ್ತದೆ. ಗುಂಡಿ ಬಿದ್ದಲ್ಲಿ ನೀರು, ನೀರು ನಿಂತಲ್ಲಿ ಕೆಳಗಿನ ಎರೆಮಣ್ಣು ಉಬ್ಬುವುದು. ಮೊದಲೇ ಕಾಂಕ್ರೀಟ್ ನೆಲ ಮಾಡಿದರೆ ಖರ್ಚು ಹೆಚ್ಚಾದರೂ ಉಳಿಯುತ್ತದೆ.

ಭೀಮಾತೀರ

ಸಲಹೆಗಾರರನ್ನು ಆರಿಸುವುದೂ ಕಡಿಮೆ ದರ ಕೂಗಿದವರನ್ನೇ ಅಲ್ಲವೇ? ಬೇರು ಅಲ್ಲಿದೆ. ಕೇಂದ್ರದ ಹಣಕಾಸು ನಿಯಮಗಳಲ್ಲಿ ಗುಣಮಟ್ಟಕ್ಕೆ ನೂರಕ್ಕೆ 80ರವರೆಗೆ ತೂಕ ಕೊಟ್ಟು, ಉಳಿದದ್ದನ್ನು ದರಕ್ಕೆ ಕೊಟ್ಟು ಆಯ್ಕೆ ಮಾಡಲು ಅವಕಾಶವಿದೆ. ರಾಜ್ಯದ ಕಾಮಗಾರಿಗಳಿಗೆ 1999ರ ಪಾರದರ್ಶಕತೆ ಕಾಯ್ದೆಯ ಟೆಂಡರ್ ಇದೆ. ಕಾಯ್ದೆಗೆ ಬರವಿಲ್ಲ.

ನಿವೃತ್ತ ಎಇಇ, ಬೀದರ್

ನೋಡಿ, ಭೀಮಾತೀರ ಅವರೂ ದಾರಿಗೆ ಬಂದರು. ಆದರೆ ಗುಣಮಟ್ಟದ ಅಂಕ ಬೀಳುವುದು ಸ್ವವಿವರಗಳಿಗೆ ಎಂದು ಸಿವಿಲ್ ಆಗಲೇ ಹೇಳಿದ್ದಾರೆ. ಅಂಕ ಪಡೆದ ವ್ಯಕ್ತಿಯೇ ಸ್ಥಳಕ್ಕೆ ಬಂದರೆ ಮಾತ್ರ 80 ಅಂಕಕ್ಕೆ ಬೆಲೆ. ಬದಲಿ ವ್ಯಕ್ತಿ ಬಂದರೆ ಶುಲ್ಕ ಕಡಿತ ಮಾಡುವ ಷರತ್ತು ಎಷ್ಟೋ ಒಪ್ಪಂದಗಳಲ್ಲಿ ಇರುತ್ತದೆ, ಕಡಿತ ಮಾಡಿದ ಕಡತ ಸಿಗುವುದು ಅಪರೂಪ.

ಶಹಾಪುರದ ಮಾಸ್ತರ

ಬಹಳ ಹೊತ್ತಿನಿಂದ ಓದುತ್ತಿದ್ದೇನೆ. ಇಂಥ ಹೊತ್ತಿನಲ್ಲಿ ಮಾಹಿತಿ ಹಕ್ಕು ಕಾಯ್ದೆಯನ್ನು ಎಲ್ಲರೂ ನೆನಪಿಸಿಕೊಳ್ಳುತ್ತಾರೆ, 2(ಜೆ) ಕಲಮನ್ನು ಯಾರೂ ಓದುವುದಿಲ್ಲ. ಅದರ ಪ್ರಕಾರ ಕಾಗದದ ಪ್ರತಿ ಕೇಳುವುದಷ್ಟೇ ಹಕ್ಕಲ್ಲ. ಕಾಮಗಾರಿಯನ್ನು ಪರಿಶೀಲಿಸುವುದು, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದು ಕೂಡ ಹಕ್ಕೇ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ, ಸಾಮಾನ್ಯವಾಗಿ 150 ಪದಗಳ ಒಳಗೆ ಇರಬೇಕು. ‘ಭ್ರಷ್ಟಾಚಾರ ನಡೆದಿದೆ, ಏಕೆ?’ ಎಂದು ಬರೆದರೆ ಉತ್ತರ ಬರುವುದಿಲ್ಲ. ‘ಏಕೆ’ ಎಂಬುದು ಅಭಿಪ್ರಾಯ, ಅವರು ಕೊಡಬೇಕಾದದ್ದು ದಾಖಲೆ. ಆದ್ದರಿಂದ ದಾಖಲೆಯ ಹೆಸರು ಹಿಡಿದು ಕೇಳಿ.

ಎರೆಭೂಮಿ (ಕಲಬುರಗಿ ಜಿಲ್ಲೆ)

ಮಾಸ್ತರೇ, ಹೀಗೆ ಬರೆದಿದ್ದೇನೆ, ನೋಡಿ:

“ಸದರಿ ಬಸ್ ನಿಲ್ದಾಣ ಕಾಮಗಾರಿಗೆ ಸಂಬಂಧಿಸಿದಂತೆ: ಯೋಜನಾ ನಿರ್ವಹಣಾ ಸಲಹೆಗಾರರ ಒಪ್ಪಂದದಲ್ಲಿರುವ ಸಿಬ್ಬಂದಿಯ ಪಟ್ಟಿ ಮತ್ತು ಬದಲಿಗೆ ನೀಡಿದ ಅನುಮೋದನೆಗಳು, ಸ್ಥಳದ ಸಿಬ್ಬಂದಿಯ ಹಾಜರಾತಿ ದಾಖಲೆ, ಮಣ್ಣು ಪರೀಕ್ಷಾ ವರದಿ, ಕಾಲಂ ಕಾಂಕ್ರೀಟಿನ ತಪಾಸಣೆಯ ಕೋರಿಕೆಗಳು ಹಾಗೂ ಕ್ಯೂಬ್ ಪರೀಕ್ಷಾ ನೋಂದಣಿ ಪುಸ್ತಕ, ಸಲಹೆಗಾರರ ಮಾಸಿಕ ವರದಿಗಳು. ಇವುಗಳ ದೃಢೀಕೃತ ಪ್ರತಿ ಕೊಡಬೇಕು. ಕಾಮಗಾರಿಯ ಖುದ್ದು ಪರಿಶೀಲನೆಗೆ ದಿನಾಂಕ ತಿಳಿಸಬೇಕು.”

ಶಹಾಪುರದ ಮಾಸ್ತರ

ಚೆನ್ನಾಗಿದೆ. ಕಾಮಗಾರಿಯ ಪೂರ್ಣ ಹೆಸರು ಮತ್ತು ಕಾರ್ಯಾದೇಶದ ಸಂಖ್ಯೆಯನ್ನು ಫಲಕದಿಂದ ನೋಡಿ ಸೇರಿಸಿ. ‘ಸದರಿ’ ಎಂದಷ್ಟೇ ಬರೆದರೆ ಯಾವುದು ಎಂದು ಕೇಳಿ ಮೂವತ್ತನೆಯ ದಿನ ಪತ್ರ ಬರುತ್ತದೆ.

ಕಡೇಚೂರು ಸಿವಿಲ್

ಹಾಜರಾತಿ ಕೇಳುವಾಗ ವಾಹನದ ಲಾಗ್ ಪುಸ್ತಕವನ್ನೂ ಕೇಳಿ ಅಣ್ಣಾ. ಒಂದೇ ಹೊತ್ತಿಗೆ ಇಂಜಿನಿಯರ್ ಒಂದು ಊರಿನಲ್ಲಿ, ಅವನ ಜೀಪು ಇನ್ನೊಂದು ಊರಿನಲ್ಲಿ ಇದ್ದರೆ ಅಲ್ಲೇ ಸಿಗುತ್ತದೆ.

ಹುಮನಾಬಾದ್ ಗುತ್ತಿಗೆ

ಗುತ್ತಿಗೆದಾರ ಬರೆದ ಪತ್ರಗಳು ಮತ್ತು ಅವುಗಳಿಗೆ ಬಂದ ಉತ್ತರಗಳ ಪ್ರತಿಯನ್ನೂ ಕೇಳಿ. ತಪ್ಪು ಯಾರ ಮೇಜಿನ ಮೇಲೆ ಮಲಗಿತ್ತು ಎಂದು ದಿನಾಂಕಗಳೇ ಹೇಳುತ್ತವೆ. ನಮ್ಮವರು ಸಿಕ್ಕಿಬಿದ್ದರೆ ಬೀಳಲಿ.

ಎರೆಭೂಮಿ (ಕಲಬುರಗಿ ಜಿಲ್ಲೆ)

ಎರಡನ್ನೂ ಸೇರಿಸಿದೆ. ಪದಗಳ ಮಿತಿಯೊಳಗೇ ಇದೆ. ಕೊನೆಯ ಸಂದೇಹ: ಆ ರಾತ್ರಿಯ ಕಾಲಂಗಳ ಕ್ಯೂಬ್ ದಾಖಲೆ ಇಲ್ಲವೇ ಇಲ್ಲ ಎಂದು ಉತ್ತರ ಬಂದರೆ?

ನಿವೃತ್ತ ಎಇಇ, ಬೀದರ್

ಹಾಗಾದರೆ ಕೋರ್ ಪರೀಕ್ಷೆ ಮಾಡಿಸಿ ಎಂದು ಕಾರ್ಯಪಾಲಕ ಇಂಜಿನಿಯರ್‌ಗೆ ಪತ್ರ ಬರೆಯಿರಿ, ಮೇಲಧಿಕಾರಿಗೆ ಪ್ರತಿ ಹಾಕಿ. ಗಟ್ಟಿಯಾದ ಕಾಂಕ್ರೀಟಿನಿಂದ ಸಿಲಿಂಡರಿನ ಆಕಾರದ ತುಂಡು ಕೊರೆದು ಒಡೆದು ನೋಡುತ್ತಾರೆ. ಕನಿಷ್ಠ ಮೂರು ಕೋರ್ ಬೇಕು. ಅವುಗಳ ಸರಾಸರಿ ನಿಗದಿತ ಬಲದ ಶೇ 85 ಇರಬೇಕು, ಯಾವೊಂದೂ ಶೇ 75ಕ್ಕಿಂತ ಕೆಳಗಿಳಿಯಬಾರದು. ಎಲ್ಲಿ ಕೊರೆಯಬೇಕೆಂದು ಗುತ್ತಿಗೆದಾರ ತೋರಿಸುವುದಲ್ಲ. ಕಬ್ಬಿಣ ತುಂಡಾಗದಂತೆ ಮೊದಲು ಯಂತ್ರ ಹಿಡಿದು ಸರಳು ಎಲ್ಲಿದೆ ಎಂದು ಗುರುತು ಮಾಡಿಸಿ, ಆಮೇಲೆ ಇಲಾಖೆಯವರು ಜಾಗ ಗೊತ್ತು ಮಾಡಬೇಕು.

ಯಾದಗಿರಿ ಶಿಕ್ಷಕಿ

ಆ ರಂಧ್ರವನ್ನು ಮುಚ್ಚುವವರು ಯಾರು? ಅದಕ್ಕೂ ಒಂದು ಸಹಿ ಬೇಕೇ?

ನಿವೃತ್ತ ಎಇಇ, ಬೀದರ್

ಬೇಕು. ಕುಗ್ಗದ ಗ್ರೌಟ್ (ತೆಳು ಸಿಮೆಂಟ್ ಮಿಶ್ರಣ) ತುಂಬಿ ಮುಚ್ಚಬೇಕು, ಅದೂ ಗುತ್ತಿಗೆದಾರರ ಖರ್ಚಿನಲ್ಲಿ. ಬರೀ ಗಾರೆ ಮೆತ್ತಲು ಬಿಡಬೇಡಿ. ಎರೆಭೂಮಿ ಅವರೇ, ಆ ದಿನ ಅಂಗಡಿಯಿಂದ ಎದ್ದು ಹೋಗಿ ಹತ್ತಿರ ನಿಂತು ನೋಡಿ.